ಬೆಲ್ಟ್ ಹಾಕದ ದೇವಿ

ಈ ವರ್ಷ ಮಾವನ ಹಳೇ ಕಾರು ಶೆಡ್ಡು ಬಿಟ್ಟು ಅಲ್ಲಾಡಬಾರದು ಎಂದು ನಾನು ಹದಿನೈದು ದಿನ ಮೊದಲೇ ಘೋಷಿಸಿಬಿಟ್ಟಿದ್ದೆ! ವರ್ಷಕ್ಕೊಮ್ಮೆ ಅವರ ಮನೆದೇವರು ಚೌಡಮ್ಮ ಚಿಗಟೇರಿಯಿಂದ ಹೊಳೆಗೆ ಹೋಗಿ ಮಿಂದು ಬರುತ್ತಾಳೆ. ಮೂವತ್ತು ವರ್ಷದಿಂದ ಅವಳ ಸಾರಥಿ ಮಾವ ಜಂಬಣ್ಣನವರೇ. ಈ ಸಲ ಆ ಪಟ್ಟ ಅಳಿಯನಾದ ನನಗೆ, ನನ್ನ ಹೊಸ ಸೆಡಾನಿಗೆ!

ನೀವೇ ಹೋಲಿಸಿ ನೋಡಿ. ಮಾವನದು ಯಾರೋ ಸಾಹುಕಾರರು ಮಾರಿದ ವಿಲಾಯತಿ ಕಾರು, ನಮ್ಮಪ್ಪನಿಗಿಂತ ವಯಸ್ಸಿನಲ್ಲಿ ಹಿರಿಯದು. ಸೋಫಾದಂಥ ಚರ್ಮದ ಸೀಟು, ಹೋರಿ ಕೂಗಿದಂಥ ಹಾರ್ನು. ಸರಿ, ಆದರೆ ಗುಂಡಿ ಒತ್ತಿದರೆ ಹೊರಡುತ್ತದೆಯೇ? ಹಿಂದೆ ಯಾರಿದ್ದಾರೆ ಎಂದು ಕ್ಯಾಮೆರಾ ತೋರಿಸುತ್ತದೆಯೇ? ಊಟದ ನಡುವೆ ನಾನು ಇದನ್ನೆಲ್ಲ ವಿವರಿಸಿದಾಗ ಮಾವ ಇನ್ನೊಂದು ರೊಟ್ಟಿ ಮುರಿದರು. ಹೆಂಡತಿ ಸಂಗೀತಾ ಮಾತ್ರ ಅಂದಳು: "ಅಪ್ಪಗ ವರ್ಷಕ್ಕ ಇದೊಂದ ಖುಷಿ ರೀ. ಅದನ್ನೂ ಕಸ್ಕೊಂಡು ಏನ್ ಮಾಡ್ತೀರಿ?"

ಕೇಳುವ ಗಿರಾಕಿಯೇ ನಾನು?

ಆ ದಿನ ಪೂಜಾರಿ ಓಬಮ್ಮಜ್ಜಿ ದೇವಿಯ ಪೆಟ್ಟಿಗೆಯನ್ನು ನನ್ನ ಕಾರಿನ ಮುಂದಿನ ಸೀಟಿನಲ್ಲಿಟ್ಟು ತಾನು ಹಿಂದೆ ಕೂತಳು. ದೇವಿಯ ಮುಂದೆ ಯಾರೂ ಕೂರುವಂತಿಲ್ಲ. ಗುಂಡಿ ಒತ್ತಿದೆ. ನಾಲ್ಕು ಮಾರು ಹೋಗಿರಲಿಲ್ಲ, ಟಣ್, ಟಣ್, ಟಣ್!

ಹೊರಡುವಾಗ ಗಂಟೆ ತಾನಾಗಿ ಸದ್ದು ಮಾಡಿದರೆ ದೇವಿಗೆ ಮನಸ್ಸಿಲ್ಲ ಎಂಬುದು ಅವರ ಮನೆತನದ ನಂಬಿಕೆ. ಮುಂದೆ ಬಾರಿಸುತ್ತಿದ್ದ ಡೊಳ್ಳು ನಿಂತಿತು. ಪೆಟ್ಟಿಗೆಯ ಭಾರ ನೋಡಿ, ಯಾರೋ ಬೆಲ್ಟ್ ಹಾಕದೆ ಕೂತಿದ್ದಾರೆಂದು ಕಾರು ಬಡಿದುಕೊಳ್ಳುತ್ತಿದೆ ಅಂತ ಗೊತ್ತಿದ್ದದ್ದು ನನಗೊಬ್ಬನಿಗೇ. ಬುದ್ಧಿವಂತನಲ್ಲವೇ, ಬೆಲ್ಟ್ ಎಳೆದು ದೇವಿಗೆ ಬಿಗಿದೆ. ಸದ್ದು ನಿಂತಿತು. ಊರಿನ ಉಸಿರೂ ನಿಂತಿತು.

"ಏನ್ ಮಾಡಾಕ್ಹತ್ತೀಯಪ್ಪಾ? ತಾಯಿನ್ನ ಕಟ್ಟಿ ಹಾಕ್ತೀಯಾ?" ಎಂದಳು ಓಬಮ್ಮಜ್ಜಿ.

"ಹಂಗಲ್ಲಬೇ, ಬೆಲ್ಟ್ ಹಾಕ್ಕೋರಿ ಅಂತ ಕಾರು ಹೇಳಾಕ್ಹತ್ತೈತಿ."

"ಆಕಿಗೆ ಹೇಳಾಕ ನಿನ್ನ ಕಾರು ಯಾರು?"

ನಾನು ಬೆಲ್ಟ್ ಬಿಚ್ಚಿದೆ, ಅಜ್ಜಿ ಪೆಟ್ಟಿಗೆ ಇಳಿಸಿಕೊಂಡಳು. ಮಾವನ ಕಾರು ಶೆಡ್ಡಿನಿಂದ ಬಂತು, ದೇವಿ ಅದನ್ನೇರಿದಳು. ಅದಕ್ಕೆ ಬೆಲ್ಟೂ ಇಲ್ಲ, ಗಂಟೆಯೂ ಇಲ್ಲ. ಹೊರಡುವ ಹೊತ್ತಿಗೆ ಎಂಜಿನ್ನೂ ಇಲ್ಲ! ನನ್ನ ಎದೆ ಅರಳಿತು. ಅಷ್ಟರಲ್ಲಿ ಜನ ಓಡಿಬಂದು ಕಾರಿನ ಹಿಂದೆ ಕೈ ಹಚ್ಚಿದರು. ಪ್ರತಿವರ್ಷವೂ ಹೀಗೇ ಅಂತೆ, ತಳ್ಳಿದವರಿಗೆ ಪುಣ್ಯವಂತೆ, ಜಾಗಕ್ಕಾಗಿ ಜಗಳ ಬೇರೆ. ಗುಂಡಿ ಒತ್ತಿದರೆ ಹೊರಡುವ ಕಾರಿನಲ್ಲಿ ಭಕ್ತರಿಗೆ ಕೆಲಸವೇ ಇಲ್ಲವಲ್ಲ ಎಂದು ನನಗೆ ಹೊಳೆದದ್ದು, ನಾನೂ ಅವರ ನಡುವೆ ನುಗ್ಗಿ ತಳ್ಳುತ್ತಿರುವಾಗ.

ಕಾರು ಕೆಮ್ಮಿ ಎದ್ದಿತು. ಮಾವ ಕಿಟಕಿಯಿಂದ ತಲೆ ಹೊರಹಾಕಿದರು. ಗೆದ್ದ ನಗೆ ಬರುತ್ತದೆಂದು ತಲೆ ತಗ್ಗಿಸಿ ನಿಂತೆ. ಬರಲಿಲ್ಲ.

"ಅಳಿಯಾರ ಕಾರು ಹಿಂದ ಬರ್ಲಿ. ಹೋಳಿಗಿ ಸಾರಿನ ಹಂಡೆ ಅದ್ರಾಗ ಇಡ್ರಿ, ಒಂದು ಹನಿ ಚೆಲ್ಲಂಗಿಲ್ಲ," ಎಂದರು.

ಮರ್ಯಾದೆ ಉಳಿಸಿದ ಪುಣ್ಯಾತ್ಮ. ಹೊಳೆಯ ತನಕ ಹಂಡೆ ಮುಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಗಂಭೀರವಾಗಿ ಕೂತಿತ್ತು. ಕಾರು ತುಟಿ ಪಿಟಕ್ಕೆನ್ನಲಿಲ್ಲ.

ಹಿಂದೆ ಕೂತಿದ್ದ ಸಂಗೀತಾ ಮೆಲ್ಲಗೆ ಅಂದಳು: "ಬಿಡ್ರಿ, ನಿಮ್ಮ ಕಾರಿನ ಮಾತು ಕೇಳಾಕ ಹಂಡೆನಾರ ಸಿಕ್ತು."