ರುದ್ರಪಟ್ಟಣಕ್ಕೆ ಹೊರಟ ಗಂಜಿ ಪಂಚೆ

ಬೇಸಿಗೆ ಬಂತು ಅಂದ್ರೆ ನಮ್ಮನೆ ಬಟ್ಟೆ ತಂತಿ ಮೇಲೆ ಒಂದಲ್ಲ ಒಂದು ಪಜೀತಿ ಆಗದೆ ಇರ್ತಿರಲಿಲ್ಲ. ಈಗ ಮೆಷಿನ್ ಇದೆ, ಗುಂಡಿ ಒತ್ತಿ ಕಾಫಿ ಕುಡೀತಾ ಕೂತ್ಕೋತೀನಿ. ಆಗ ಅರಕಲಗೂಡಿನ ಬಾಡಿಗೆ ಮನೇಲಿ ಒಗೆಯೋ ಕಲ್ಲಿಗೂ ನನಗೂ ದಿನಾ ಗುದ್ದಾಟ. ನಮ್ಮ ಯಜಮಾನರು ಹೈಸ್ಕೂಲ್ ಮೇಷ್ಟ್ರು. ಉಡೋದು ಬಿಳೀ ಪಂಚೆ, ಅದು ಬಿಟ್ರೆ ಇನ್ನೊಂದು ಬಿಳೀ ಪಂಚೆ. ಸಂಜೆಯಾದ್ರೆ ಮೃದಂಗ. ಮದುವೆ, ನಾಮಕರಣ, ಸ್ಕೂಲ್ ಫಂಕ್ಷನ್ ಅಂತ ಎಲ್ಲ ಕಡೆ ನುಡಿಸ್ತಿದ್ರು. ಆದ್ರೆ ಜೀವಮಾನದ ಆಸೆ ಒಂದೇ, ರುದ್ರಪಟ್ಟಣದ ಸಂಗೀತೋತ್ಸವದಲ್ಲಿ ಒಂದು ಸಲ ಕೂತು ನುಡಿಸಬೇಕು. ನಮ್ಮತ್ತೆಗೂ ಒಂದೇ ಆಸೆ, ಮಗನ ಪಂಚೆ ಗರಿಗರಿ ಅನ್ನಬೇಕು. ಇವರಿಬ್ಬರ ಮಧ್ಯೆ ಸಿಕ್ಕಿಹಾಕಿಕೊಂಡವಳು ನಾನು.

ನೀಲಿ

ಮದುವೆಯಾದ ಹೊಸದು. ಬಿಳೀ ಬಟ್ಟೆಗೆ ಕೊನೇಲಿ ನೀಲಿ ಹಾಕಬೇಕು ಅಂತ ಗೊತ್ತಿತ್ತು, ಎಷ್ಟು ಅಂತ ಗೊತ್ತಿರಲಿಲ್ಲ. ಅತ್ತೇನ ಕೇಳಿದ್ರೆ ‘ನಿಮ್ಮಮ್ಮ ಕಲಿಸ್ಲಿಲ್ವಾ’ ಅಂತಾರಲ್ಲ ಅಂತ ಬಿಗುಮಾನ. ಬಾಟ್ಲಿ ಬಗ್ಗಿಸಿಬಿಟ್ಟೆ. ಪಂಚೆ, ಶರ್ಟು ಎರಡೂ ಗಾಢ ನೀಲಿ! ಮತ್ತೆ ಒಗೆಯೋಣ ಅಂದ್ರೆ ಆ ಸುಡುಬಿಸಿಲಿಗೆ ಆಗಲೇ ಒಣಗಿ ಕೂತಿತ್ತು. ಇವರು ಪಾಪ, ಹೊಸ ಹೆಂಡ್ತಿ ಬೇಜಾರು ಮಾಡ್ಕೋತಾಳೆ ಅಂತ ಅದನ್ನೇ ಉಟ್ಟುಕೊಂಡು ಹೋದ್ರು.

ಹೆಡ್ ಮೇಷ್ಟ್ರು ಗೇಟಲ್ಲೇ ನಿಂತಿದ್ರಂತೆ. ಮೇಲಿಂದ ಕೆಳಗೆ ನೋಡಿ, “ಭೇಷ್ ಮೇಷ್ಟ್ರೇ! ನೀಲಿ ಯೂನಿಫಾರ್ಮ್ ಹಾಕ್ಕೊಂಡು ಬನ್ನಿ ಅಂತ ಹುಡುಗರಿಗೆ ಬಡ್ಕೊಂಡೆ. ಹಾಕ್ಕೊಂಡು ಬಂದಿರೋದು ನೀವೊಬ್ರೇ ನೋಡಿ” ಅಂದ್ರಂತೆ.

ಹಸು

ಗಂಜಿ ಹಾಕೋದು ಅತ್ತೆಯ ಖಾತೆ. ರಾಜಮುಡಿ ಅಕ್ಕಿ ಬಸಿದ ಗಂಜಿನೇ ಆಗಬೇಕು. ಗಂಜಿ ಹಾಕಿದ ಪಂಚೆ ಯಾರೂ ಹಿಡಿದುಕೊಳ್ಳದೆ ತಾನೇ ನಿಂತ್ಕೋಬೇಕು ಅನ್ನೋರು. ಒಂದಿನ ಬೇಲಿ ಮೇಲೆ ಒಣಗಾಕಿ ಒಳಗೆ ಹೋಗಿ ಬರೋಷ್ಟರಲ್ಲಿ, ಪಕ್ಕದ ಮನೆ ಶುಂಠಿ ಬೆಳೆಯೋ ಗೌಡರ ಹಸು ಅರ್ಧ ಪಂಚೆ ಮೇದು ಮುಗಿಸಿತ್ತು. ನಾನು ಮಿಕ್ಕರ್ಧ ಹಿಡಿದುಕೊಂಡು ಜಗಳಕ್ಕೆ ಹೋದೆ.

ಗೌಡರ ಹೆಂಡ್ತಿ ನಗ್ತಾ ಬಂದ್ರು. “ಅಯ್ಯೋ ಬೈಬ್ಯಾಡ ಕಣಕ್ಕ. ನೆನ್ನೆಯಿಂದ ಬೂಸ ಮೂಸ್ದೆ ಮಕ ತಿರುಗುಸ್ಕಂಡು ನಿಂತಿದ್ಲು ಮೂದೇವಿ. ನಿಮ್ ಪಂಚೆ ತಿಂದ್ಮೇಲೆ ಚೊಂಬು ತುಂಬ ಹಾಲು ಕೊಟ್ಬುಟ್ಲು! ನಾಳೀಕೂ ಒಂದು ಒಣಗಾಕಕ್ಕ.”

ಅತ್ತೆ ಈಗಿಲ್ಲ. ಇದ್ದಷ್ಟು ದಿನ ಇಬ್ಬರೂ ಬೈದಾಡಿಕೊಂಡೇ ಇದ್ವಿ. ಆದ್ರೂ ಇವತ್ತಿಗೂ ಅನ್ನ ಬಸಿದ್ರೆ ಗಂಜಿ ಚೆಲ್ಲೋಕೆ ಮನಸ್ಸು ಬರಲ್ಲ, ಅವರದ್ದೇ ನೆನಪಾಗುತ್ತೆ.

ಬಸ್ಸು

ಕೊನೆಗೂ ರುದ್ರಪಟ್ಟಣದಿಂದ ಕರೆ ಬಂತು. ಖುಷಿಗೆ ಇವರು ಊಟನೇ ಮಾಡ್ಲಿಲ್ಲ. ಹಿಂದಿನ ದಿನ ಬೆಳಿಗ್ಗೆ ನಾನೇ ಪಂಚೆ ಒಗೆದು ಗಂಜಿ ಹಾಕಿ ಒಣಗಿಸಿದೆ. ಈ ಸೊಸೆ ಮರೆತಿರ್ತಾಳೆ ಅಂದುಕೊಂಡು ಅತ್ತೆ ಮಧ್ಯಾಹ್ನ ಇನ್ನೊಂದು ಸಲ ಹಾಕಿ ಬಿಸಿಲಿಗೆ ಹರವಿದ್ರು. ಪಂಚೆ ಸುಟ್ಟ ಹಪ್ಪಳ ಆಯ್ತು. ಬೇರೆ ಉಡಿ ಅಂದ್ರೆ ಅತ್ತೆ ಬಿಡ್ತಾರಾ? ಉಟ್ಟವರು ನಡೆದ್ರೆ ಪರಪರ ಸದ್ದು.

ಮಾರನೇ ದಿನ ಮೂವರೂ ಬಸ್ಸು ಹತ್ತಿದ್ವಿ. ಸೀಟ್ ಖಾಲಿ ಇದ್ರೂ ಇವರು ಕಂಬಿ ಹಿಡಿದು ನಿಂತೇ ಇದ್ರು. ಕಂಡಕ್ಟರು, “ಕೂತ್ಕಳಿ ಸಾ” ಅಂದ.

“ಕೂರಕ್ಕಾಗಲ್ಲಪ್ಪ.”

ಕಂಡಕ್ಟರು ಹತ್ತಿರ ಬಂದು ಕಿವೀಲಿ, “ನಮ್ ಮಾವಂಗೂ ಇಂಗೇ ಆಗಿತ್ತು ಸಾ. ಮೂಲಂಗಿ ತಿನ್ನಿ, ವಾಸಿಯಾಯ್ತದೆ” ಅಂದ.

ವೇದಿಕೆ

ಹೇಗೋ ಪಂಚೇನ ಮುರಿದು ಮಡಿಸಿ ವೇದಿಕೆ ಮೇಲೆ ಕೂತ್ರು. ಹಾಡೋರು, ಪಿಟೀಲಿನೋರು ಶ್ರುತಿ ಸೇರಿಸಿದ್ರು. ಮೃದಂಗದ ಎಡಗಡೆಗೆ ನೀರಲ್ಲಿ ಕಲಸಿದ ರವೆ ಮೆತ್ತಿದ್ರೇನೇ ಧೋಂ ಅಂತ ನಾದ ಬರೋದು, ಇಲ್ಲದಿದ್ರೆ ತಗಡು ಬಡಿದಂಗೆ. ಇವರು ರವೆ ಡಬ್ಬಿ ಮುಚ್ಚಳ ತೆಗೆದ್ರು. ಖಾಲಿ!

ಇವರ ಮುಖ ಬಿಳಚಿಕೊಂಡಿತು. ಹಾಡೋರು “ಶುರು ಮಾಡೋಣ್ವಾ?” ಅಂತಿದ್ದಾರೆ, ಇವರು ಖಾಲಿ ಡಬ್ಬಿ ತಲೆಕೆಳಗು ಮಾಡಿ ತಟ್ತಿದ್ದಾರೆ. ಇಷ್ಟು ವರ್ಷ ಕಾದದ್ದು ಹೀಗಾಯ್ತಲ್ಲ ಅಂತ ಮುಂದಿನ ಸಾಲಲ್ಲಿ ಕೂತಿದ್ದ ನನಗೆ ಅಳುವೇ ಬಂತು. ಪಕ್ಕಕ್ಕೆ ತಿರುಗಿ, “ಅತ್ತೆ, ಡಬ್ಬೀಲಿದ್ದ ರವೆ ಏನಾಯ್ತು?” ಅಂದೆ.

“ಮನೇಲಿ ಗಂಜಿ ಮುಗ್ದೋಗಿತ್ತು ಕಣೆ. ಅದನ್ನೇ ಕುದಿಸಿ ಪಂಚೆಗಾಕ್ದೆ” ಅಂದವರೇ ದಡಕ್ಕಂತ ಎದ್ದು ನಿಂತು, “ಲೋ ಮಗಾ! ರವೆ ಎಲ್ಲೂ ಓಗಿಲ್ಲ ಕಣ್ಲಾ, ನಿನ್ ಪಂಚೇಲೇ ಐತೆ! ನೀರು ಚಿಮುಕಿಸ್ಕಂಡು ಕೆರ್ಕೋ!” ಅಂತ ಕೂಗಿದ್ರು.

ಸಭೆ ಬಿದ್ದೂ ಬಿದ್ದೂ ನಕ್ಕಿತು. ಇವರು ನಾಚಿಕೆ ಬಿಟ್ಟು ಚೊಂಬಿನ ನೀರು ಚಿಮುಕಿಸಿ, ಮಡಿಕೆಗಳಲ್ಲಿ ಗಟ್ಟಿಯಾಗಿದ್ದ ರವೇನ ಕೆರೆದು, ನಾದಿ ಮೆತ್ತಿದ್ರು. ಧೋಂ! ಅವತ್ತು ನುಡಿಸಿದ ಹಾಗೆ ಇವರು ಇನ್ಯಾವತ್ತೂ ನುಡಿಸ್ಲಿಲ್ಲ.

ಕಚೇರಿ ಮುಗಿದ ಮೇಲೆ ಹಾಡಿದ ಹಿರಿಯರು ಅತ್ತೆಗೆ ಕೈ ಮುಗಿದು, “ಏನು ನಾದ ತಾಯಿ ನಿಮ್ಮ ಮಗಂದು! ಮುಂದಿನ ವರ್ಷವೂ ಇವರೇ ಬರಬೇಕು” ಅಂದ್ರು.

ಅತ್ತೆ ಮಗನ ಪಂಚೆ ಮುಟ್ಟಿ ನೋಡಿ ಮುಖ ಸಿಂಡರಿಸಿದ್ರು. “ನಾದ ಅಂಗಿರ್ಲಿ ಬುಡಪ್ಪ. ಕೆರ್ದು ಕೆರ್ದು ಒಂದು ಕಡೆ ಮೆತ್ತಗಾಗೋಯ್ತಲ್ಲ, ಇದನ್ನುಟ್ಕಂಡು ಬಸ್ಸಲ್ಲಿ ಎಂಗ್ ಓಗ್ತಾನೆ?”