ಮೊದಲನೇ ನೊಂದ ಯುವಕ

ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷಕ್ಕೆ ಪೆಟ್ಟಿಗೆಯಲ್ಲಿ ಒಂದು ಕಾಗದ ಸಿಕ್ಕಿತು. ಅಂದು 1994ರ ಜೂನ್ 12, ಭಾನುವಾರ. ಪೆಟ್ಟಿಗೆ ಇಟ್ಟು ಮೂರು ವರ್ಷವಾಗಿತ್ತು. ಅದೇ ಮೊದಲ ಕಾಗದ.

ಪೆಟ್ಟಿಗೆ ಯುವ ಮನೋಲ್ಲಾಸ ಸಂಘದ್ದು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕಿನ ಯುವಜನರು ತಮ್ಮ ಮನಸ್ಸಿನ ಕಷ್ಟವನ್ನು ಹೆಸರು ಹಾಕದೆ ಬರೆದು ಅದರಲ್ಲಿ ಹಾಕಬೇಕು, ಆಡಳಿತ ಮಂಡಳಿ ಪರಿಹಾರ ಹೇಳಬೇಕು ಎಂಬುದು ಏರ್ಪಾಡು. ಆದರೆ ಪೆಟ್ಟಿಗೆಯನ್ನು ನೇತುಹಾಕಿದ್ದು ಶ್ರೀರಂಗಪಟ್ಟಣದಲ್ಲಿ, ಅಧ್ಯಕ್ಷ ಕೆಂಪಣ್ಣನವರ ಮನೆಯ ಜಗಲಿಯ ಕಂಬಕ್ಕೆ. ನಿವೃತ್ತ ರೆವಿನ್ಯೂ ಇನ್‌ಸ್ಪೆಕ್ಟರಾದ ಕೆಂಪಣ್ಣನವರು ಬೆಳಗಿನಿಂದ ಸಂಜೆವರೆಗೆ ಅದೇ ಕಂಬಕ್ಕೆ ಒರಗಿ ಪೇಪರು ಓದುತ್ತಿದ್ದರು. ಯಾವ ಹುಡುಗ ಹತ್ತಿರ ಸುಳಿದರೂ ಕನ್ನಡಕದ ಮೇಲಿಂದ ನೋಡಿ, "ಯಾರ್ ಮಗನ್ಲಾ ನೀನು? ನೀನಿಲ್ಲಿಗೆ ಬಂದಿರಾದು ನಿಮ್ಮಪ್ಪಂಗೆ ಗೊತ್ತಾ?" ಎಂದು ವಿಚಾರಿಸುತ್ತಿದ್ದರು. ಹುಡುಗ ಮನಸ್ಸಿನ ಕಷ್ಟವನ್ನು ಜೇಬಿನಲ್ಲೇ ಮಡಚಿಟ್ಟುಕೊಂಡು ಓಡುತ್ತಿದ್ದ.

ಈ ಸಂಘಕ್ಕೆ ಮರಿಸ್ವಾಮಿ ಕಾರ್ಯದರ್ಶಿ. ವಯಸ್ಸು ನಲವತ್ತೊಂದು, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಆಡಳಿತ ಮಂಡಳಿ ಪ್ರತಿ ಭಾನುವಾರ ಹತ್ತಕ್ಕೆ ಕೆಂಪಣ್ಣನವರ ಮನೆಯಲ್ಲಿ ಸೇರಿ, ಯುವಜನರ ಬಗ್ಗೆ ಯುವಜನರಿಲ್ಲದೆ ಮೂರೂವರೆಯವರೆಗೆ ಚರ್ಚಿಸುತ್ತಿತ್ತು. ಅಲ್ಲಿಗೆ ಮರಿಸ್ವಾಮಿಯ ನೂರೈವತ್ತಾರು ಭಾನುವಾರ ಮುಗಿದಿದ್ದವು. ಬಿಟ್ಟು ಹೋಗೋಣವೆಂದರೆ ಬೈಲಾದ ಹದಿನಾಲ್ಕನೇ ಕಲಮು ಅಡ್ಡ: ಮೊದಲ ಪ್ರಕರಣ ಇತ್ಯರ್ಥವಾಗುವವರೆಗೆ ಕಾರ್ಯದರ್ಶಿಯನ್ನು ಬದಲಾಯಿಸತಕ್ಕದ್ದಲ್ಲ. ಅವನು ನಾಲ್ಕು ಸಲ ರಾಜೀನಾಮೆ ಬರೆದಿದ್ದ. ನಾಲ್ಕನ್ನೂ ಕೆಂಪಣ್ಣನವರು ಆ ಕಲಮನ್ನು ಗಟ್ಟಿಯಾಗಿ ಓದಿ ವಾಪಸು ಕೊಟ್ಟಿದ್ದರು.

ಹಿಂದಿನ ವಾರ ಮಗಳು ಅನುವನ್ನು ಶಾಲೆಯಲ್ಲಿ "ನಿಮ್ಮಪ್ಪ ಏನು ಕೆಲಸ ಮಾಡ್ತಾರೆ?" ಎಂದು ಕೇಳಿದಾಗ, "ಮೀಟಿಂಗು" ಎಂದಿದ್ದಳು. ಅದನ್ನು ಕೇಳಿದ ಹೆಂಡತಿ ಯಶೋಧರಾ, "ಈ ಭಾನ್ವಾರ ಬುಟ್ ಬಂದ್ರೆ ಸರಿ. ಇಲ್ದಿದ್ರೆ ನಾನೂ ಮಗೂ ಸಿಂಧಘಟ್ಟಕ್ಕೆ, ನಮ್ಮಪ್ಪನ ಮನೇಗೆ ಓಯ್ತೀವಿ. ನೀವು ಆ ಪೆಟ್ಗೆ ಜೊತೆ ಸಂಸಾರ ಮಾಡಿ" ಎಂದಳು.

ಆದ್ದರಿಂದ ಆ ಕಾಗದವನ್ನು ಬರೆದವನು ಮರಿಸ್ವಾಮಿಯೇ. ಊರಿನ ಅರ್ಧ ಅಂಗಡಿಗಳ ಬೋರ್ಡು ಬರೆದವನಾದ್ದರಿಂದ ಅವನ ಬಲಗೈ ಅಕ್ಷರ ಎಲ್ಲರಿಗೂ ಗೊತ್ತು. ಎಡಗೈಯಲ್ಲಿ ಬರೆದ. ಶನಿವಾರ ಕೆಂಪಣ್ಣನವರು ಸ್ನಾನಕ್ಕೆ ಹೋದಾಗ ಪೆಟ್ಟಿಗೆಗೆ ಹಾಕಿದ. ಮಂಡಳಿ ನಾಲ್ಕು ಒಳ್ಳೆಯ ಮಾತು ಬರೆದು ನೋಟಿಸ್ ಬೋರ್ಡಿಗೆ ಅಂಟಿಸಿದರೆ ಪ್ರಕರಣ ಇತ್ಯರ್ಥ. ಮಧ್ಯಾಹ್ನದ ಊಟಕ್ಕೆ ಮನೆ. ಇದು ಅವನ ಲೆಕ್ಕಾಚಾರ.

ಕೆಂಪಣ್ಣನವರು ಎದ್ದು ನಿಂತು ಕಾಗದ ಓದಿದರು:

"ಮಾನ್ಯರೇ, ಭಾನುವಾರ ಬಂದರೆ ನನಗೆ ಎದೆ ಭಾರವಾಗುತ್ತದೆ. ಸುತ್ತ ಹಿರಿಯರು ಕೂತು ಒಬ್ಬರಾದ ಮೇಲೊಬ್ಬರು ಮಾತಾಡುತ್ತಾರೆ. ನಾನು ಬಾಯಿ ತೆರೆದರೆ ಕಾಫಿ ತರಲು ಕಳಿಸುತ್ತಾರೆ. ಎಲ್ಲ ಬಿಟ್ಟು ಕರಿಘಟ್ಟ ಹತ್ತಿ ಕೂತುಬಿಡೋಣ ಅನ್ನಿಸುತ್ತದೆ. ಇಂತಿ, ನೊಂದ ಯುವಕ."

ಓದಿ ಮುಗಿಸುವವರೆಗೆ ಯಾರೂ ಅಡ್ಡ ಬಾಯಿ ಹಾಕಲಿಲ್ಲ. ಈ ಮಂಡಳಿಯಲ್ಲಿ ಅದೊಂದು ದಾಖಲೆ.

ಪಾಂಡವಪುರದ ನಿರ್ದೇಶಕ, ಆಲೆಮನೆ ನಡೆಸುವ ಚಿಕ್ಕಸ್ವಾಮಿ, ತೊಡೆ ತಟ್ಟಿದ. "ಇದು ನಮ್ ಅಶೋಕ ಬರ್ದಿರಾದು ಕಣ್ರೀ! ನನ್ ಮಗನೇಯ!"

"ಅದೆಂಗೆ ನಿನ್ ಮಗ ಆಯ್ತಾನೆ?" ನಾಗಮಂಗಲದ ದಾಸಯ್ಯ ಎದ್ದ. ಇಪ್ಪತ್ತೆಂಟು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು. ಮನೆಯೊಳಗೂ ಬಸ್ಸಿನ ಹಿಂದಿನ ಬಾಗಿಲಿಗೆ ಕೇಳುವಂತೆ ಮಾತಾಡುತ್ತಿದ್ದ. "ಕಾಫಿ ತರಾಕೆ ಕಳ್ಸಾದು ನಮ್ಮನೇಲಿ. ಇದು ನಮ್ ಸಂತೋಸ. ಅವ್ನು ನಗದೆ ಎಂಟ್ ತಿಂಗ್ಳಾಯ್ತು, ಗೊತ್ತಾ ನಿಂಗೆ?"

"ಎಂಟೇ ತಿಂಗ್ಳಾ? ನಮ್ ಅಶೋಕ ಎಸ್ಸೆಲ್ಸಿ ಇಂದ ನಕ್ಕಿಲ್ಲ ಕಣ್ಲಾ!"

"ನಮ್ಮೋನು ಊಟನೂ ಬುಟ್ಟವ್ನೆ!"

"ನಮ್ಮೋನು ಮಾತೇ ಬುಟ್ಟವ್ನೆ!"

ಸಂಘದ ಮೊದಲನೇ ನೊಂದ ಯುವಕ ಯಾವ ತಾಲ್ಲೂಕಿಗೆ ಸೇರಬೇಕೆಂಬ ಪ್ರಶ್ನೆ ಹುಟ್ಟಿ, ಇಬ್ಬರೂ ತಂತಮ್ಮ ಮಕ್ಕಳ ದುಃಖವನ್ನು ಹರಾಜಿನಲ್ಲಿ ಕೂಗಿದಂತೆ ಏರಿಸುತ್ತ ಹೋದರು. ಕೆ.ಆರ್. ಪೇಟೆಯ ನಿರ್ದೇಶಕಿ ಚಲುವಮ್ಮ ಮಾತ್ರ ಸುಮ್ಮನೆ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದಿದ್ದರು. ಅವರು ನಿವೃತ್ತ ಕನ್ನಡ ಮೇಡಂ.

"ಜಗಳ ಆಮೇಲೆ ಆಡಿ. ಇಲ್ಲಿ ಕ್ರಿಯಾಪದ ನೋಡಿದ್ರಾ?" ಎಂದರು. "ಕೂತ್ಕೊಳ್ಳೋಣ ಅಂತ ಬರ್ದಿಲ್ಲ. ಕೂತುಬಿಡೋಣ ಅಂತ ಬರ್ದವ್ನೆ. ಕೂತ್ಕೊಂಡೋನು ಎದ್ ಬರ್ತಾನೆ. ಕೂತುಬಿಟ್ಟೋನು ಏಳಲ್ಲ."

"ಅಂಗಂದ್ರೆ?" ಕೆಂಪಣ್ಣನವರ ಕನ್ನಡಕ ಜಾರಿತು.

"ಸನ್ಯಾಸ" ಎಂದರು ಚಲುವಮ್ಮ. "ಅಕ್ಷರ ಹೆಂಗೆ ನಡುಗ್ಯವೆ ನೋಡಿ. ನಿರ್ಧಾರ ಆಗೋಗದೆ."

ಮರಿಸ್ವಾಮಿ ಗಾಬರಿಯಾದ. "ಅಷ್ಟೆಲ್ಲ ಇರಕ್ಕಿಲ್ಲ ಬುಡಿ ಮೇಡಂ. ಬರಿಯೋ ಅವಸರದಲ್ಲಿ ಒಂದ್ 'ಬಿಡು' ಜಾಸ್ತಿ ಬಿದ್ದಿರಬೋದು. ಸಮಾಧಾನ ಬರ್ದು ಬೋರ್ಡಿಗೆ ಅಂಟ್ಸಾನ. ಪ್ರಕರಣ ಮುಗೀತದೆ..."

"ಮೇಷ್ಟ್ರೇ, ಕಾಫಿ ಏನಾಯ್ತು ನೋಡೋಗಿ" ಎಂದರು ಕೆಂಪಣ್ಣನವರು.

ಕಾಫಿ ಬರುವಷ್ಟರಲ್ಲಿ ಠರಾವು ಆಗಿತ್ತು: ಮಂಡಳಿ ತಕ್ಷಣ ಕರಿಘಟ್ಟಕ್ಕೆ ಹೋಗಿ ಯುವಕನನ್ನು ಸಂಸಾರಕ್ಕೆ ಮರಳಿಸತಕ್ಕದ್ದು.

ಚಿಕ್ಕಸ್ವಾಮಿ ಬೆಲ್ಲದ ಲೋಡಿನ ಮೆಟಡೋರ್ ವ್ಯಾನಿನಲ್ಲೇ ಬಂದಿದ್ದ. ಚಲುವಮ್ಮ ಮುಂದೆ ಕೂತರು. ಉಳಿದವರು ಹಿಂದೆ, ಮೂಟೆಗಳ ಮೇಲೆ. ದಾಸಯ್ಯ ಬಾಗಿಲು ಬಡಿದು "ರೈಟ್!" ಎಂದ. ಬೆಟ್ಟದ ಬುಡ ಮುಟ್ಟುವ ಹೊತ್ತಿಗೆ ಬೆಲ್ಲ ಕರಗಿ ಮರಿಸ್ವಾಮಿಯ ಬಿಳಿ ಪ್ಯಾಂಟು ಮೂಟೆಗೆ ಅಂಟಿತ್ತು. ಎಳೆದಾಗ ಹಳೆಯ ಗೋಡೆಯಿಂದ ಸಿನಿಮಾ ಪೋಸ್ಟರು ಕಿತ್ತಂತೆ ಸದ್ದಾಯಿತು. ಬೆಟ್ಟದ ನೊಣಗಳಿಗೆ ಅದು ಕೇಳಿಸಿತು.

ಮೆಟ್ಟಿಲು ನಾನೂರಕ್ಕೂ ಹೆಚ್ಚು. ವಾಹನದ ದಾರಿಯೂ ಇತ್ತು. ಆದರೆ ಮಂಡಳಿ ವ್ಯಾನಿನಲ್ಲಿ ಬರುವುದನ್ನು ಮೇಲಿಂದ ನೋಡಿದರೆ ಯುವಕ ತಪ್ಪಿಸಿಕೊಂಡಾನು ಎಂದು ಚಲುವಮ್ಮ ಬೇಡವೆಂದರು. ಐವತ್ತು ಮೆಟ್ಟಿಲಿಗೊಮ್ಮೆ ದಾಸಯ್ಯ "ಓಲ್ಡಾನ್!" ಎಂದು ಕೂಗುತ್ತಿದ್ದ, ಎಲ್ಲರೂ ಕೂರುತ್ತಿದ್ದರು. ನಡವಳಿ ಪುಸ್ತಕ, ಛತ್ರಿ, ಚಲುವಮ್ಮನವರ ಚೀಲ, ಯುವಕನನ್ನು ಒಲಿಸಲು ಚಿಕ್ಕಸ್ವಾಮಿ ತಂದ ಎರಡು ಅಚ್ಚು ಬೆಲ್ಲ, ಎಲ್ಲವೂ ಮರಿಸ್ವಾಮಿಯ ಕೈಯಲ್ಲಿದ್ದವು. ನೊಣಗಳೂ ಅವನ ಪಾಲಿಗೇ ಇದ್ದವು.

ಮೇಲೆ ಹೋದಾಗ ಹನ್ನೆರಡೂ ಹತ್ತು. ದೇವಸ್ಥಾನದ ಹಿಂದೆ, ಬಂಡೆಯ ಮೇಲೆ ಒಬ್ಬ ಹುಡುಗ ಕಣ್ಣು ಮುಚ್ಚಿ ಕೂತಿದ್ದ.

"ಕೂತ್ ಬುಟ್ಟವ್ನೆ!" ಚಲುವಮ್ಮ ಪಿಸುಗುಟ್ಟಿದರು.

ಅವನು ಅಶೋಕನೂ ಅಲ್ಲ, ಸಂತೋಷನೂ ಅಲ್ಲ. ಚಿಕ್ಕಸ್ವಾಮಿಗೂ ದಾಸಯ್ಯನಿಗೂ ಒಂದು ಕ್ಷಣ ನಿರಾಸೆಯಾಯಿತು. ಆದರೂ ನಾಲ್ವರೂ ಬಂಡೆಯನ್ನು ಸುತ್ತುವರಿದರು.

"ಮದ್ವೆ ಮಾಡ್ಸಾನೇನಪ್ಪ?" ಎಂದ ಚಿಕ್ಕಸ್ವಾಮಿ.

"ಎಂತೆಂಥಾ ಓವರ್‌ಲೋಡ್ ಗಾಡೀನೂ ಸ್ಟ್ಯಾಂಡಿಗೆ ಮುಟ್ತದೆ ಕಣ್ಲಾ ಮಗ" ಎಂದ ದಾಸಯ್ಯ.

"ಅಳಬೇಕು ಅನ್ಸಿದ್ರೆ ಅತ್ತುಬಿಡು. ಅತ್ಕೊಬೇಡ, ಅತ್ತುಬಿಡು" ಎಂದರು ಚಲುವಮ್ಮ.

ಹುಡುಗ ಕಣ್ಣು ಬಿಟ್ಟು, ಸುತ್ತ ನಾಲ್ಕು ಮುಖ ಕಂಡು, ಚಪ್ಪಲಿಗೆ ಕೈ ಹಾಕಿದ. "ನಾನೇನೂ ಮಾಡಿಲ್ಲ ಸಾರ್! ಮೆಟ್ಲು ಅತ್ತಿ ಸುಸ್ತಾಗಿತ್ತು, ಕುಂತಿದ್ದೆ!"

ಹಿಂದಿನಿಂದ ಮರಿಸ್ವಾಮಿ ಹೊತ್ತದ್ದನ್ನೆಲ್ಲ ಕೆಳಗಿಟ್ಟು, ಎರಡೂ ಕೈ ಜೋಡಿಸಿ, ಕಣ್ಣಲ್ಲೇ ಬೇಡಿಕೊಂಡ: ಹೂಂ ಅನ್ನಪ್ಪ, ನಿನ್ನ ಕಾಲಿಗೆ ಬೀಳ್ತೀನಿ. ನೊಣಗಳ ಮೋಡದೊಳಗಿಂದ ಬೇಡುತ್ತಿರುವ ಆ ಮನುಷ್ಯನನ್ನು ಕಂಡು ಹುಡುಗನಿಗೆ ಕನಿಕರ ಬಂದಿರಬೇಕು.

"ಕಾಗ್ದ ಬರ್ದೋನು ನೀನೇ ಏನಪ್ಪ?" ಎಂದರು ಕೆಂಪಣ್ಣನವರು.

"ಊಂ ಸಾರ್."

"ನಮ್ ಮಾತಿಂದ ಸಮಾಧಾನ ಆಯ್ತಾ?"

"ಬಾಳ ಆಯ್ತು ಸಾರ್. ನಾನಿನ್ನು ಬತ್ತೀನಿ."

ಮರಿಸ್ವಾಮಿಯ ಕಣ್ಣಲ್ಲಿ ನೀರು ಬಂತು. ಕೆಂಪಣ್ಣನವರು ನಡವಳಿ ಪುಸ್ತಕ ಬಿಚ್ಚಿ ಪ್ರಕರಣ ಸಂಖ್ಯೆ ಒಂದು ಎಂದು ಬರೆದರು. ಹೆಸರು ಕಿಶನ್. ವಯಸ್ಸು ಇಪ್ಪತ್ತು. ಚಿಕ್ಕಸ್ವಾಮಿ ಹುಡುಗನ ಕೈಗೆ ಬೆಲ್ಲ ಕೊಟ್ಟ.

"ಯಾವೂರಪ್ಪ?"

"ಮದ್ದೂರು ಸಾರ್."

ಪೆನ್ನು ನಿಂತಿತು. ಕೆಂಪಣ್ಣನವರು ನಿಧಾನವಾಗಿ ಕ್ಯಾಪು ಹಾಕಿದರು. "ಮದ್ದೂರು ನಮ್ ವ್ಯಾಪ್ತಿಗೆ ಬರಕ್ಕಿಲ್ಲ. ನಾಕೇ ತಾಲ್ಲೂಕು."

ಚಿಕ್ಕಸ್ವಾಮಿ ಬೆಲ್ಲ ವಾಪಸು ತೆಗೆದುಕೊಂಡ.

"ಸಾರ್, ಯಾವೂರಾದ್ರೇನು, ನೊಂದವ್ನೆ ತಾನೆ!" ಮರಿಸ್ವಾಮಿ ಕೂಗಿದ.

"ಮದ್ದೂರ್‌ನಾಗೆ ನೊಂದೋನು ಮದ್ದೂರ್‌ನಾಗೇ ಸಮಾಧಾನ ಆಗ್ಬೇಕು. ನಾಳೆ ಮಳವಳ್ಳಿಯೋರು ಬತ್ತಾರೆ. ಏನ್ ಮಾಡೀರಿ?" ಎಂದರು ಕೆಂಪಣ್ಣನವರು. "ಅಂದ್ರೆ ಕಾಗ್ದ ಬರ್ದೋನು ಇನ್ನೂ ಎಲ್ಲೋ ಅವ್ನೆ. ಇನ್ನು ತಡ ಮಾಡಂಗಿಲ್ಲ. ಪೊಲೀಸ್ ಸ್ಟೇಷನ್ನಿಗೆ ಓಗಾನ. ನಾಕೂ ತಾಲ್ಲೂಕಿನ ಹುಡುಗ್ರ ಕೈಬರಹ ತರಿಸ್ಲಿ."

ಸುಳ್ಳು ಕಾಗದ, ಪೊಲೀಸು, ಸರ್ಕಾರಿ ನೌಕರಿ ಮೂರೂ ಒಟ್ಟಿಗೆ ಮರಿಸ್ವಾಮಿಯ ಕಣ್ಣ ಮುಂದೆ ಬಂದವು. ಅದರ ಹಿಂದೆಯೇ ಇನ್ನೊಂದು ಯೋಚನೆ ಹೊಳೆಯಿತು. ಮೋಸ ಮಾಡಿದ ಕಾರ್ಯದರ್ಶಿಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಇಲ್ಲೇ, ಈ ಬಂಡೆಯ ಮೇಲೆಯೇ, ಉಗಿದು ಓಡಿಸುತ್ತಾರೆ. ಎರಡು ಗಂಟೆಯೊಳಗೆ ಮನೆ!

"ನಾನೇ ಬರ್ದಿದ್ದು!" ಎಂದ. ಅವನ ಮುಖದಲ್ಲಿ ಮೂರು ವರ್ಷದಲ್ಲಿ ಕಾಣದ ಕಳೆ ಇತ್ತು. "ಪ್ರತಿ ಅಕ್ಷರಾನೂ ನಂದೇ. ಎಡಗೈಲಿ ಬರ್ದೆ. ಆ ಹಿರಿಯರು ಅಂದ್ರೆ ನೀವೇ ನಾಕ್ ಜನ. ಕಾಫಿ ತರಾಕೆ ಓಗೋನು ನಾನೇ. ಉಗೀರಿ ಸಾರ್. ತೆಗ್ದಾಕಿ ನನ್ನ!"

ಕಿಶನ್ ಚಪ್ಪಲಿ ಹಾಕಿಕೊಳ್ಳುವುದನ್ನು ಮರೆತು ನೋಡುತ್ತಿದ್ದ.

ಮೊದಲು ಮೂಗು ಒರೆಸಿಕೊಂಡವನು ದಾಸಯ್ಯ. "ಮೂರು ವರ್ಸ ನಮ್ ಪಕ್ದಲ್ಲೇ ಕುಂತು ನೋಯ್ತಿದ್ದೆಯಲ್ಲೋ, ಒಂದ್ ಸ್ಟಾಪ್ ಮುಂಚೆ ಯೋಳ್ಬಾರ್ದಾಗಿತ್ತಾ!"

"ಎಡಗೈಲಿ ಬರಿಯೋವಷ್ಟು ಎದುರ್ಕೊಂಡಿತ್ತು ಜೀವ" ಎಂದು ಚಲುವಮ್ಮ ಅವನ ತಲೆ ಸವರಿದರು.

"ಅಯ್ಯೋ, ನಾನು ಯುವಕ ಅಲ್ಲ ಮೇಡಂ! ನಲವತ್ತೊಂದು ನಂಗೆ!"

"ಬೈಲಾದಲ್ಲಿ ಯುವಕ ಅಂದ್ರೆ ನಲವತ್ತೈದರವರೆಗೆ" ಎಂದರು ಕೆಂಪಣ್ಣನವರು. "ಸಂಘ ಕಟ್ಟೋವಾಗ ಚಿಕ್ಕಸ್ವಾಮಿ ಯುವ ಪ್ರತಿನಿಧಿ ಆಗ್ಬೇಕಾಗಿತ್ತು, ಅದ್ಕೆ ಅಂಗೆ ಬರ್ಸಿದ್ವಿ. ಊರೂ ಶ್ರೀರಂಗಪಟ್ಟಣ, ವ್ಯಾಪ್ತಿನೂ ಸರಿ." ಅವರು ಕಿಶನ್ ಎಂಬುದನ್ನು ಹೊಡೆದು ಮರಿಸ್ವಾಮಿ ಎಂದು ಬರೆದರು. "ಈಗ ಯೋಳಪ್ಪ. ನಿನ್ ನೋವು ಓಗ್ಬೇಕು ಅಂದ್ರೆ ನಾವೇನ್ ಮಾಡ್ಬೇಕು?"

"ನನ್ನ ಬುಟ್ ಬುಡಿ ಸಾರ್. ಅಷ್ಟೇ."

ಚಲುವಮ್ಮನವರ ಕಣ್ಣು ತುಂಬಿತ್ತು.

"ಯಾವ ನೊಂದೋನೂ ಮೊದ್ಲು ಯೋಳಾದು ಇದೇ ಮಾತು" ಎಂದರು ಕೆಂಪಣ್ಣನವರು. "ಇಂಥಾ ಟೈಮಲ್ಲಿ ಕೈ ಬುಟ್ರೆ ಈ ಸಂಘ ಯಾಕಪ್ಪ ಇರ್ಬೇಕು? ನಾವ್ ನಿನ್ನ ಬುಡಾದಿಲ್ಲ."

ಮನೆಯ ವಾತಾವರಣ ನೋಡದೆ ಪರಿಹಾರ ಹೇಳಲಾಗದು ಎಂದು ಚಲುವಮ್ಮ ಸೂಚಿಸಿದರು. ದಾಸಯ್ಯ ಅನುಮೋದಿಸಿದ. ಠರಾವು ಬರೆದುಕೊಳ್ಳಲು ಪುಸ್ತಕವನ್ನು ಕಾರ್ಯದರ್ಶಿಗೆ ಕೊಟ್ಟರು.

ಜೂನ್ 19ರ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಆಡಳಿತ ಮಂಡಳಿ ಮರಿಸ್ವಾಮಿಯ ಮನೆಯಲ್ಲಿ ಸೇರಿತು. ಮಗಳನ್ನು ಕರೆದುಕೊಂಡು ಸಿಂಧಘಟ್ಟದ ಬಸ್ಸಿಗೆ ಹೊರಟಿದ್ದ ಯಶೋಧರಾಳನ್ನು ಬಾಗಿಲಲ್ಲೇ ತಡೆದು ಸಾಕ್ಷಿಯಾಗಿ ಕೂರಿಸಿಕೊಂಡರು. ಸಭೆ ಸಂಜೆ ಐದೂಕಾಲರವರೆಗೆ ನಡೆಯಿತು.