ಬ್ಯಾಟರಿ ಸೈಕಲ್ಲಿನ ಹದ್ದುಬಸ್ತು

ನಾನು ಸರ್ವೆ ಇಲಾಖೆಯಲ್ಲಿ ಇಡೀ ನೌಕರಿ ಮುಗಿಸಿ ನಿವೃತ್ತನಾದವನು. ಶಿರಗುಪ್ಪಿ ಕಡೆಯ ಎರೆ ಹೊಲಗಳಲ್ಲಿ ಯಾರದೋ ಮುತ್ತಜ್ಜನ ಕಾಲಕ್ಕೆ ಹೂತುಹೋದ ಗಡಿಯ ಬಾಂದುಕಲ್ಲುಗಳನ್ನು ಸರಪಳಿ ಎಳೆದು, ನಕ್ಷೆ ಹಿಡಿದು, 'ಇಲ್ಲೇ ಅಗೀರಿ' ಎಂದು ಬೊಟ್ಟುಮಾಡಿ ತೋರಿಸಿ ಹದ್ದುಬಸ್ತು ಮಾಡಿದವನು. ಅಂಥವನಿಗೆ ಹೆಂಡತಿಯ ಬ್ಯಾಟರಿ ಸೈಕಲ್ಲಿನ ಫ್ರೇಮ್ ನಂಬರು ಹುಡುಕುವುದು ಒಂದು ಕೆಲಸವೇ? ಚಹಾ ಆರುವುದರೊಳಗೆ ಮುಗಿಸುತ್ತೇನೆ ಎಂದು ಲೋಟ ಕಟ್ಟೆಯ ಮೇಲಿಟ್ಟು ಎದ್ದೆ. ಆ ಚಹಾ ಆರಿತು, ಕೆನೆ ಕಟ್ಟಿತು, ಕೊನೆಗೆ ಅದನ್ನು ಬೆಕ್ಕು ಕುಡಿದುಹೋಯಿತು.

ಮೊದಲು ಆ ಸೈಕಲ್ಲಿನ ವಿಷಯ ಹೇಳಬೇಕು. ಧಾರವಾಡದ ಕೆಲಗೇರಿಯಲ್ಲಿ ನಮ್ಮ ಮನೆ. ಮದುವೆಯಾದಾಗಿನಿಂದ ನನ್ನ ಹೆಂಡತಿ ಗಿರಿಜಾ ಎಲ್ಲಿಗೆ ಹೋಗಬೇಕಾದರೂ ನನ್ನ ಸ್ಕೂಟರಿನ ಹಿಂದೆ ಕೂತೇ ಹೋಗಬೇಕು. ಊರಿನ ಆ ತುದಿಯಲ್ಲಿರುವ ತಂಗಿಯ ಮನೆಗೆ ಹೋದರೆ ನಾನು ಹೊರಗೆ ಕೂತು ಗಡಿಯಾರ ನೋಡುತ್ತಿದ್ದೆ. ಅಕ್ಕತಂಗಿಯರು ಎರಡು ಮಾತಾಡುವುದರೊಳಗೆ 'ನಡಿ ಲಗೂ' ಎಂದು ಕೂಗುತ್ತಿದ್ದೆ. ಇದಕ್ಕೆ ರೋಸಿ ಹೋಗಿ, ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಅವಳು ಕೆರೆಯ ದಂಡೆಯ ರಸ್ತೆಯಲ್ಲಿ ಸೈಕಲ್ ಕಲಿತಳು. ಎರಡು ಸಲ ಬಿದ್ದಳು, ಎದ್ದಳು. ಆಮೇಲೆ ಈ ಬ್ಯಾಟರಿ ಸೈಕಲ್ ತೆಗೆದುಕೊಂಡಳು. ಅಂದಿನಿಂದ ಅವಳಿಗೆ ನನ್ನಿಂದ ಬಿಡುಗಡೆಯಾಯಿತು. ನನಗೂ ಆಯಿತು, ಆದರೆ ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಇರಲಿಲ್ಲ.

ಇತ್ತೀಚೆಗೆ ಆ ಸೈಕಲ್ಲಿನ ಬ್ಯಾಟರಿ ಕೆಟ್ಟು ಕೂತಿತ್ತು. ರಾತ್ರಿಯಿಡೀ ಚಾರ್ಜಿಗೆ ಹಾಕಿದರೂ ಓಣಿಯ ತಿರುವಿನಲ್ಲೇ ನಿಂತುಬಿಡುತ್ತಿತ್ತು. ಗಿರಿಜಾ ಮಾತ್ರ ದಿನಾ ಮುಂಜಾನೆ ಅದನ್ನು ಒರೆಸಿ, ಸೀಟಿನ ಮೇಲೆ ಬಟ್ಟೆ ಹೊದಿಸಿ ಬರುತ್ತಿದ್ದಳು. ಬಾಯಲ್ಲಿ ಏನೂ ಅನ್ನುತ್ತಿರಲಿಲ್ಲ. ಅವಳು ಬೈದರೆ ನಾನು ತಡೆದುಕೊಳ್ಳಬಲ್ಲೆ, ಸುಮ್ಮನಿದ್ದರೆ ನನಗೆ ಊಟ ಇಳಿಯುವುದಿಲ್ಲ.

ಹೀಗಿರುವಾಗ ಅಮಾವಾಸ್ಯೆಯ ದಿನ ಮಧ್ಯಾಹ್ನ ಸೈಕಲ್ ಕಂಪನಿಯ ಹುಡುಗಿಯೊಬ್ಬಳು ಬೆಂಗಳೂರಿನಿಂದ ಫೋನ್ ಮಾಡಿದಳು. ಕೆಲವು ಸೈಕಲ್ಲುಗಳಿಗೆ ಹಾಕಿದ ಬ್ಯಾಟರಿಯಲ್ಲಿ ದೋಷವಿದೆಯಂತೆ, ಹೊಸದನ್ನು ಪುಕ್ಕಟೆ ಕೊಡುತ್ತಾರಂತೆ.

"ಸರ್, ಮೂರು ಸಲ ಮೆಸೇಜ್ ಕಳಿಸಿದ್ವಿ, ನೀವು ಉತ್ತರಾನೇ ಕೊಟ್ಟಿಲ್ಲ. ಫ್ರೇಮ್ ನಂಬರ್ ಫೋಟೋ ಬೇಕು ಸರ್. ಇವತ್ತು ಐದು ಗಂಟೆಗೆ ಕ್ಲೋಸ್ ಆಗುತ್ತೆ. ಆಮೇಲೆ ನಮ್ಮ ಕೈಯಲ್ಲಿ ಏನೂ ಇಲ್ಲ."

ಆ ಮೆಸೇಜುಗಳು ಬಂದಿದ್ದು ನಿಜ. ಪುಕ್ಕಟೆ ಎಂಬ ಶಬ್ದ ಕಂಡ ಕೂಡಲೇ ಇದು ಮೋಸದವರ ಕೆಲಸ ಎಂದು ಮೂರನ್ನೂ ಅಳಿಸಿ, ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡಿದ್ದೆ. ಸೈಕಲ್ಲಿನ ಬಿಲ್ಲು ತೆಗೆದು ನೋಡಿದರೆ ಅಕ್ಷರಗಳೆಲ್ಲ ಮಾಸಿ ಬರೀ ಬಿಳಿ ಕಾಗದ ಉಳಿದಿತ್ತು. ಹುಬ್ಬಳ್ಳಿಯ ಅಂಗಡಿಗೆ ಫೋನ್ ಹಚ್ಚಿದರೆ, "ಇವತ್ತ ಅಮಾಸಿ ಅಲ್ರೀ, ಪೂಜಾ ಮಾಡಿ ಬಾಗಲಾ ಹಾಕೇವಿ. ನಾಳೆ ಮಾಡ್ರಿ" ಎಂದರು.

ಗಿರಿಜಾ ಅಡಿಗೆಮನೆಯಿಂದ ಹೊರಗೆ ಬಂದಳು. "ರೀ, ಬಾಜೂಮನಿ ಬಸಣ್ಣನ್ನ ಕರೀಲೇನು?"

"ನಂಬರ್ ಹುಡುಕಾಕ ಬಸಣ್ಣ ಯಾಕ ಬೇಕ? ನಾ ಅದೀನಲ್ಲ."

"ನೀವು ಅದೀರಿ ಅಂತನ ಕೇಳಾಕತ್ತೇನಿ."

ನಾನು ಈ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಅಂಗಳಕ್ಕಿಳಿದೆ. ಯಾವುದೇ ಶೋಧಕ್ಕೂ ಒಂದು ಕ್ರಮವಿದೆ. ಮೊದಲು ಚಕ್ಕುಬಂದಿ ನೋಡಿಕೊಳ್ಳಬೇಕು. ಸದರಿ ಸೈಕಲ್ಲಿಗೆ ಪೂರ್ವಕ್ಕೆ ತುಳಸಿಕಟ್ಟೆ, ಪಶ್ಚಿಮಕ್ಕೆ ನೀರಿನ ಟಾಕಿ, ಉತ್ತರಕ್ಕೆ ನನ್ನ ಸ್ಕೂಟರ್, ದಕ್ಷಿಣಕ್ಕೆ ಮೆಟ್ಟಿಲ ಮೇಲೆ ಹತ್ತಿ ಹೊಸೆಯುತ್ತ ಕೂತ ನನ್ನ ಅವ್ವ. ಈಶಾನ್ಯದಿಂದ ಶುರುಮಾಡಿ ಪ್ರದಕ್ಷಿಣೆಯ ದಿಕ್ಕಿನಲ್ಲಿ ಹೊರಟೆ. ಮುಂದಿನ ಗಾಲಿಯ ಹತ್ತಿರವೇ ಉಬ್ಬು ಅಕ್ಷರದಲ್ಲಿ ಒಂದು ನಂಬರು ಸಿಕ್ಕಿತು. ಫೋಟೋ ಹೊಡೆದು ಕಳಿಸಿದೆ.

"ಸರ್, ಇದು ಟೈರ್ ಸೈಜ್ ಸರ್."

ಇರಲಿ. ಹಿಂದಿನ ಗಾಲಿಯ ನಡುವೆ ಇನ್ನೂ ಉದ್ದದ ನಂಬರಿತ್ತು. ಉದ್ದವಿದ್ದ ಮೇಲೆ ಇದೇ ಸರಿ ಎಂದುಕೊಂಡು ಅದನ್ನೂ ಕಳಿಸಿದೆ.

"ಸರ್, ಇದು ಮೋಟಾರ್ ನಂಬರ್. ನಮಗೆ ಫ್ರೇಮ್‌ದು ಬೇಕು."

ಹ್ಯಾಂಡಲ್ಲಿನ ಕೆಳಗೆ, ಬೆಳಿಗ್ಗೆ ಅಮಾವಾಸ್ಯೆ ಪೂಜೆಯಲ್ಲಿ ಬಳಿದ ವಿಭೂತಿಯ ಅಡಿಯಲ್ಲಿ ಏನೋ ಉಬ್ಬಿದಂತೆ ಕಂಡಿತು. ಒದ್ದೆ ಬಟ್ಟೆ ತೆಗೆದುಕೊಂಡು ಒರೆಸಲು ಹೋದೆ. ದಕ್ಷಿಣ ದಿಕ್ಕಿನಿಂದ ಆಕ್ಷೇಪಣೆ ಬಂತು.

"ಮುಂಜಾನಿ ಹಚ್ಚಿದ ವಿಭೂತಿ ಮಧ್ಯಾಹ್ನಕ್ಕ ಅಳಸ್ತಿ ಏನೋ ತಮ್ಮಾ?"

"ನಂಬರ್ ಐತಿ ಬೇ ಅದರಾಗ."

"ಇದ್ರ ಇರಲಿ ಬಿಡು. ದೇವರಿಗಿಂತ ದೊಡ್ಡದೇನು ನಂಬರ್?"

ಅವ್ವ ಹತ್ತಿಯ ಬತ್ತಿಯ ಮೇಲೆ ಕಣ್ಣಿಟ್ಟ ಹೊತ್ತು ನೋಡಿ ಸಣ್ಣಗೆ ಒರೆಸಿಯೇಬಿಟ್ಟೆ. ಅಲ್ಲಿದ್ದದ್ದು ಕಂಪನಿಯ ಗುರುತು. ಅಳಿಸಿದ ಜಾಗಕ್ಕೆ ನನ್ನ ಹಣೆಯ ವಿಭೂತಿಯನ್ನೇ ತೆಗೆದು ಹಚ್ಚಿ ಸರಿಮಾಡಿದೆ.

ಈ ಸಲ ಹುಡುಗಿಗೇ ಕನಿಕರ ಬಂದು ಫೋನ್ ಮಾಡಿದಳು. "ಸರ್, ಎರಡು ಪೆಡಲ್ ಸೇರೋ ಜಾಗ ಇದೆಯಲ್ಲ, ಅದರ ಅಡಿಯಲ್ಲಿ, ನೆಲಕ್ಕೆ ಮುಖ ಮಾಡಿರುತ್ತೆ. ಸೈಕಲ್ ಉಲ್ಟಾ ನಿಲ್ಲಿಸಿದ್ರೆ ಕಾಣುತ್ತೆ. ಎರಡೇ ನಿಮಿಷದ ಕೆಲಸ."

ನಾನು ಸೈಕಲ್ಲಿಗೆ ಕೈಹಾಕಿದೆ. ಅವ್ವ ಬತ್ತಿಯ ತಟ್ಟೆ ಬದಿಗಿಟ್ಟು ಎದ್ದುನಿಂತಳು.

"ಅಮಾಸಿ ದಿನ, ಪೂಜಿ ಆದ ಗಾಡಿ ತಲಿಕೆಳಗ ಮಾಡ್ತಾರೇನೋ? ಅದರ ಮ್ಯಾಲ ನಾಳೆ ಕುಂದ್ರಾಕಿ ನನ್ನ ಸೊಸಿ. ನಾ ಇರೂತನಕ ಆಗಂಗಿಲ್ಲ."

"ನಾಳೆ ಮಾಡೂಣಂದ್ರ ಹೊತ್ತ ಮೀರತೈತಿ ಬೇ."

ನಾನು ಗಿರಿಜಾಳ ಮುಖ ನೋಡಿದೆ. ಅತ್ತೆ ಉಪ್ಪು ಜಾಸ್ತಿ ಎಂದರೆ ಕಡಿಮೆ ಎನ್ನುವವಳು ಅವಳು. ಅವತ್ತು ಮಾತ್ರ, "ಅತ್ತಿಯವರು ಹೇಳೂದು ಖರೇ ಐತ್ರಿ. ನನ್ನ ಗಾಡಿ ಬೋರಲ ಹಾಕಬ್ಯಾಡ್ರಿ" ಎಂದುಬಿಟ್ಟಳು. ಗಾಡಿ ತಲೆಕೆಳಗಾಗುವಂತಿಲ್ಲ ಎಂದ ಮೇಲೆ ಉಳಿದದ್ದು ನಾನು ನೆಲಕ್ಕೆ ಬೀಳುವುದು. ಗೋಣಿಚೀಲ ಹಾಸಿ, ಕೈಯಲ್ಲಿ ತೋಟದ ಖುರ್ಪಿ ಹಿಡಿದು, ಸೈಕಲ್ಲಿನ ಕೆಳಗೆ ಅಂಗಾತ ತೂರಿಕೊಂಡೆ.

ಅಡಿಯಲ್ಲಿ ಮಳೆಗಾಲದ ಎರೆ ಮಣ್ಣು ಮೆತ್ತಿ ಒಣಗಿತ್ತು. ನಮ್ಮ ಕಡೆಯ ಎರೆ ಮಣ್ಣು ಒಮ್ಮೆ ಹಿಡಿದರೆ ಬಿಡುವುದಿಲ್ಲ. ಖುರ್ಪಿಯಿಂದ ಕೆರೆದೆ. ಅರ್ಧ ಕಣ್ಣಿಗೆ ಬಿತ್ತು, ಅರ್ಧ ಬಾಯಿಗೆ ಬಿತ್ತು, ನಂಬರಿದ್ದ ಜಾಗದ್ದು ಅಲ್ಲೇ ಉಳಿಯಿತು. ಫೋಟೋದಲ್ಲಾದರೂ ಕಂಡೀತು ಎಂದು ಕಣ್ಣುಮುಚ್ಚಿಕೊಂಡೇ ಮೊಬೈಲ್ ಎತ್ತಿ ಹೊಡೆದೆ. ಕಣ್ಣುಮುಚ್ಚಿಕೊಂಡೇ ಕಳಿಸಿದೆ. ಅತ್ತಲಿಂದ ಉತ್ತರ ಬಂತು.

"ಸರ್, ಇದು ನಿಮ್ಮ ಮೂಗು ಅನ್ಸುತ್ತೆ ಸರ್."

ಎದ್ದು ಸರಿಯಾಗಿ ನೋಡೋಣವೆಂದು ಮಗ್ಗುಲಾದೆ. ಸೊಂಟದಲ್ಲಿ ಕಳಕ್ ಎಂದಿತು. ಅಲ್ಲಿಗೆ ನನ್ನ ಚಲನವಲನ ಸ್ಥಗಿತವಾಯಿತು. ಗಿರಿಜಾ ನನ್ನ ಕಣ್ಣು ತೊಳೆಯಲು ನೀರು ತರುತ್ತೇನೆಂದು ಒಳಗೆ ಹೋಗಿದ್ದಳು. ಗೇಟು ತೆರೆದೇ ಇತ್ತು. ಕೆರೆಯ ಕಡೆ ವಾಯುವಿಹಾರಕ್ಕೆ ಹೊರಟಿದ್ದ ಒಂದಿಷ್ಟು ಜನ, ಸೈಕಲ್ಲಿನ ಕೆಳಗೆ ಬಿದ್ದು ನರಳುತ್ತಿದ್ದ ಹಿರಿಯ ನಾಗರಿಕನನ್ನು ಕಂಡು ಒಳಗೆ ನುಗ್ಗಿದರು.

"ಅಯ್ಯ, ಬಿದ್ದಾರಲ್ರೀ ಪಾಪ. ಎತ್ತಬ್ಯಾಡ್ರಿ, ಎತ್ತಬ್ಯಾಡ್ರಿ. ಮದಲ ನೀರ ಹೊಡೀರಿ ಮುಖಕ್ಕ."

"ನಾ ಬಿದ್ದಿಲ್ರೀ, ನಾನ ಮಲಗೇನಿ."

"ತಲಿಗೆ ಪೆಟ್ಟಾಗೇತಿ ನೋಡ್ರಿ, ಏನೇನೋ ಮಾತಾಡಾಕತ್ತಾರ."

ಯಾರೋ ಪುಣ್ಯಾತ್ಮ ಬಾಟಲಿಯ ನೀರನ್ನು ಮುಖದ ಮೇಲೆ ಸುರಿದ. ಅಲ್ಲಿದ್ದ ಎರೆ ಮಣ್ಣೆಲ್ಲ ಕಲಸಿ ಕೆಸರಾಯಿತು. ನಾಲ್ಕು ಜನ ಸೇರಿ ನನ್ನನ್ನು ಎಳೆದು ಕಟ್ಟೆಗೆ ಒರಗಿಸಿದರು. ನಂಬರು ಹುಡುಕುತ್ತಿದ್ದೆ ಎಂದು ಗಿರಿಜಾ ವಿವರಿಸಿದಾಗ, ಒಬ್ಬರು ನನ್ನ ಕಡೆ ನೋಡಿ "ಇಷ್ಟಕ್ಕೇನ್ರಿ?" ಎಂದು ಹೊರಟುಹೋದರು. ಸತ್ತಿದ್ದರೆ ಸಮಾಧಾನವಾಗುತ್ತಿತ್ತೋ ಏನೋ.

ಈ ಗದ್ದಲ ಕೇಳಿ ಬಾಜೂಮನಿಯ ಬಸಣ್ಣ ಲುಂಗಿ ಎತ್ತಿಕಟ್ಟಿಕೊಂಡು ಬಂದ. ಹತ್ತಿ ವ್ಯಾಪಾರಿ. ಅಮಾವಾಸ್ಯೆಗೆ ಮಾರುಕಟ್ಟೆ ಬಂದ್ ಇರುವುದರಿಂದ ಮನೆಯಲ್ಲೇ ಇದ್ದ, ಕೈಗೆ ಕೆಲಸವಿಲ್ಲದೆ ತಳಮಳಿಸುತ್ತಿದ್ದ. ಎಲ್ಲ ಕೇಳಿ ಅವ್ವನ ಮುಂದೆ ನಿಂತು ವಕೀಲನ ಹಾಗೆ ಪ್ರಶ್ನೆ ಹಾಕಿದ.

"ಯಮ್ಮಾ, ಗಾಡಿ ತಲಿಕೆಳಗ ಮಾಡಬಾರ್ದು, ಖರೇ. ಹಂಗ ನೆಟ್ಟಗ ಮ್ಯಾಲ ಎತ್ತಬಾರ್ದು ಅಂತೇನರ ಐತೇನು?"

ಅವ್ವ ಯೋಚಿಸಿದಳು. "ದೇವರನ್ನೂ ಪಲ್ಲಕ್ಯಾಗ ಎತ್ತತಾರ. ಎತ್ರಿ."

ನಮ್ಮ ಪಡಸಾಲೆಯಲ್ಲಿ ಜೋಕಾಲಿ ಇದೆ. ಅದರ ಹಲಗೆ ಬಿಚ್ಚಿ, ಸರಪಳಿಗಳಿಗೆ ಸೈಕಲ್ ತೂಗುಹಾಕಿದರೆ ಅಡಿಯೆಲ್ಲ ಕಾಣುತ್ತದೆ ಎಂಬುದು ಬಸಣ್ಣನ ಯೋಜನೆ. ಹೊತ್ತು ನಾಲ್ಕು ದಾಟಿತ್ತು. ಗಿರಿಜಾ ಗಡಿಯಾರವನ್ನೂ ನನ್ನನ್ನೂ ಒಂದಾದ ಮೇಲೊಂದು ನೋಡುತ್ತಿದ್ದಳು. ಬಸಣ್ಣ ಸೈಕಲ್ ಎತ್ತಿ ಹಿಡಿದ, ಗಿರಿಜಾ ಕೈಜೋಡಿಸಿದಳು. ಒಂದು ಕಡೆಯ ಹಗ್ಗ ಬಸಣ್ಣ ಬಿಗಿದ. ಇನ್ನೊಂದು ಕಡೆಯದಕ್ಕೂ ಅವನೇ ಕೈಹಾಕಿದಾಗ ನಾನು ಸೊಂಟ ಹಿಡಿದುಕೊಂಡೇ ಮುಂದೆ ಬಂದೆ.

"ಬಿಡ್ರಿ ಬಸಣ್ಣ, ಈ ಗಂಟ ನಾ ಹಾಕ್ತೀನಿ. ಸರ್ವೇದಾಗ ಬಾವಟಾ ಕಟ್ಟಿ ಕಟ್ಟಿ ಕೈ ಪಳಗೇತಿ."

"ಸಾಹೇಬ್ರ, ಬಾವಟಾ ಹಗರ ಇರ್ತೈತ್ರಿ."

ಕಟ್ಟಿದೆ. ಸೈಕಲ್ ಗಾಳಿಯಲ್ಲಿ ನಿಂತಿತು, ಮೆಲ್ಲಗೆ ತೂಗಿತು. ಅವ್ವ ಕೈ ಮುಗಿದಳು. ನಾನು ಕೆಳಗೆ ಕೂತು ಒದ್ದೆ ಬಟ್ಟೆಯಿಂದ ಒರೆಸುತ್ತ ಹೋದೆ. ಮಣ್ಣು ನೆನೆದು ಬಿಟ್ಟುಕೊಟ್ಟಿತು. ಒಂದು ಅಕ್ಷರ ಕಂಡಿತು, ಅದರ ಪಕ್ಕ ಒಂದು ಅಂಕಿ ಕಂಡಿತು. ಕಲ್ಲು ಸಿಕ್ಕಾಗ ಹೊಲದ ಮಾಲೀಕರ ಕಡೆ ತಿರುಗಿ ನೋಡುವ ನೌಕರಿಯ ಅಭ್ಯಾಸ ಇನ್ನೂ ಹೋಗಿಲ್ಲ. ಗಿರಿಜಾಳ ಕಡೆ ತಿರುಗಿದೆ.

"ನೋಡಿದಿ ಇಲ್ಲೋ? ನಾ ಹೇಳಿರಲಿಲ್ಲೇನು?"

ನನ್ನ ಗಂಟು ಬಿಚ್ಚಿಕೊಂಡಿತು. ಬಸಣ್ಣನ ಗಂಟು ಬಿಚ್ಚಲಿಲ್ಲ. ಹೀಗಾಗಿ ಸೈಕಲ್ ನೆಟ್ಟಗೆ ಬೀಳದೆ, ಒಂದೇ ಸರಪಳಿಯಲ್ಲಿ ಗಿರಕಿ ಹೊಡೆದು, ಗೋಡೆಗೆ ಅಪ್ಪಳಿಸಿ, ಆಮೇಲೆ ಹಗ್ಗ ಹರಿದು ನೆಲಕ್ಕೆ ಬಂತು. ಬಸಣ್ಣ ನನ್ನನ್ನು ಎಳೆದದ್ದರಿಂದ ನಾನು ಉಳಿದೆ. ದೀಪ ಒಡೆಯಿತು. ಹ್ಯಾಂಡಲ್ ಒಂದು ಪಕ್ಕಕ್ಕೆ ಸೊಟ್ಟಗಾಯಿತು. ಮುಂದಿನ ಬುಟ್ಟಿ ತಟ್ಟೆಯಾಯಿತು. ಸದ್ದು ನಿಂತ ಮೇಲೆ ನೋಡಿದರೆ ಸೈಕಲ್ ಸೀಟು ಕೆಳಗೆ, ಗಾಲಿ ಮೇಲೆ ಮಾಡಿಕೊಂಡು ಪಡಸಾಲೆಯ ನಡುವೆ ಬೋರಲು ನಿಂತಿತ್ತು. ಫ್ರೇಮಿನ ನಂಬರು ಸೂರಿಗೆ ಮುಖಮಾಡಿ ಸ್ವಚ್ಛವಾಗಿ ಕಾಣುತ್ತಿತ್ತು. ಓದಲು ಕನ್ನಡಕವೂ ಬೇಕಿರಲಿಲ್ಲ.

ಎಲ್ಲರೂ ಅವ್ವನ ಕಡೆ ನೋಡಿದೆವು.

"ತಾನ ಬಿದ್ರ ದೋಷ ಇಲ್ಲ," ಎಂದಳು ಅವ್ವ. "ಲಗೂ ಫೋಟೊ ಹೊಡೀರಿ."

ನನ್ನ ಮೊಬೈಲ್ ಗಿರಿಜಾಳ ಕೈಯಲ್ಲಿತ್ತು, ಅದಕ್ಕೆ ಕೈ ಚಾಚಿದೆ. ಗಿರಿಜಾ ಕೊಡಲಿಲ್ಲ. ತಾನೇ ಬಾಗಿ, ಕೈ ನಡುಗದ ಹಾಗೆ ಹಿಡಿದು, ಒಂದೇ ಫೋಟೋ ಹೊಡೆದು ಕಳಿಸಿದಳು. ಐದಕ್ಕೆ ಇನ್ನೇನು ಕೆಲವೇ ನಿಮಿಷ ಉಳಿದಿದ್ದವು. ಹೊಸ ಬ್ಯಾಟರಿ ಮಂಜೂರಾಗಿದೆ ಎಂದು ಉತ್ತರ ಬಂತು. ಅವಳ ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಂಡು, ಸೊಟ್ಟ ಹ್ಯಾಂಡಲ್ಲಿನ ಮೇಲೆ ಒಮ್ಮೆ ಕೈಯಾಡಿಸಿ ಒಳಗೆ ಹೋದಳು. ನನಗೆ ಆಗ ನಿಜಕ್ಕೂ ಬಹಳ ಕೆಟ್ಟದೆನಿಸಿತು. ಬಸಣ್ಣ ಜೋಕಾಲಿಯ ಹಲಗೆ ಮತ್ತೆ ಕಟ್ಟಿಕೊಟ್ಟು, ನನ್ನ ಕೈಗೆ ಹಗ್ಗ ಸಿಗದ ಹಾಗೆ ಸುತ್ತಿಕೊಂಡು ಹೋದ.

ಮುಂದಿನ ವಾರ ಕಂಪನಿಯ ಮೆಕ್ಯಾನಿಕ್ ಹುಬ್ಬಳ್ಳಿಯಿಂದ ಹೊಸ ಬ್ಯಾಟರಿ ತಂದ. ಹಾಕಿದ. ಮೋಟಾರ್ ಗುಂಯ್ ಎಂದಿತು, ಗಿರಿಜಾ ನಕ್ಕಳು. ಆಮೇಲೆ ಅವನು ಎದ್ದುನಿಂತು ಸೈಕಲ್ಲನ್ನು ಸುತ್ತಿ ನೋಡಿದ.

"ಬ್ಯಾಟರಿ ಪುಕ್ಕಟೆ ಐತ್ರಿ ಅಕ್ಕಾರ. ಆದ್ರ ಹ್ಯಾಂಡಲ್ ಹಿಂಗಿದ್ರ ಹೊಡ್ಯಾಕ ಬರಂಗಿಲ್ಲ, ಬೀಳ್ತೀರಿ. ಗಾಡಿ ನಾನ ಹುಬ್ಬಳ್ಳಿಗೆ ಒಯ್ತೇನಿ. ಸಾಮಾನು ಬರಾಕ ಟೈಮ್ ಹಿಡೀತೈತಿ." ಜೇಬಿನಿಂದ ಮೊಬೈಲ್ ತೆಗೆದು ಏನನ್ನೋ ತುಂಬತೊಡಗಿದ. "ಆ್ಯಕ್ಸಿಡೆಂಟ್ ಅಂತ ಹಾಕೇನಿ. ಏನ್ ಬಡೀತ್ರಿ ಇದಕ್ಕ?"

ನಾನು ಅವನಿಗೆ ಚಹಾ ಹಿಡಿದುಕೊಂಡು ಬರುತ್ತಿದ್ದೆ. ಗಿರಿಜಾ ನನ್ನ ಕಡೆ ಬೊಟ್ಟು ತೋರಿಸಿದಳು.

"ಇವರು."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ, ಮತ್ತೆ ಮೊಬೈಲ್ ನೋಡಿದ. "ಇದರಾಗ ಲಾರಿ ಐತ್ರಿ, ಬಸ್ ಐತಿ, ಕಾರ್ ಐತಿ, ದನ ಐತಿ. ಮನಿಯವರು ಅಂತ ಇಲ್ರೀ ಅಕ್ಕಾರ. ಒಂದು ಒತ್ತದಿದ್ರ ಮುಂದ ಹೋಗಂಗಿಲ್ಲ."

ಗಿರಿಜಾ ಒಂದು ಕ್ಷಣವೂ ಯೋಚಿಸಲಿಲ್ಲ. "ದನ ಒತ್ರಿ."

ಅವನು ಒತ್ತಿದ. ಚಹಾ ಕುಡಿದು, ನನಗೆ ನಮಸ್ಕಾರ ಹೇಳಿ, ಸೈಕಲ್ಲನ್ನು ಟೆಂಪೋಕ್ಕೆ ಏರಿಸಿಕೊಂಡು ಹೊರಟುಹೋದ. ಹೀಗಾಗಿ ಕಂಪನಿಯ ದಾಖಲೆಯ ಪ್ರಕಾರ ನಾನೀಗ ದನ. ಗಾಡಿ ರಿಪೇರಿಯಾಗಿ ಬರುವವರೆಗೆ ಗಿರಿಜಾಳನ್ನು ಕೂರಿಸಿಕೊಂಡು ಊರೆಲ್ಲ ತಿರುಗುವ ಕೆಲಸವೂ ಅದೇ ದನದ್ದು.